ಬೋಣಿಗೆ ಮುಂಚೆ ಕಾಣಬಾರದ ಮುಖ

ನನ್ನ ಮುಖಕ್ಕೆ ಒಂದು ಜೋಡಿ ಎತ್ತು ಹೋಯಿತು. ಮುಖಕ್ಕೆ ಅನ್ನುವುದಕ್ಕಿಂತ, ಮುಖದಲ್ಲಿ ಉಳಿದದ್ದಕ್ಕೆ ಅನ್ನುವುದು ಸರಿ. ತೊಡೆಯ ಚರ್ಮ ತೆಗೆದು ಕೆನ್ನೆಗೆ ಹಾಕಬೇಕು, ತಡ ಮಾಡಿದರೆ ಎಡಗಣ್ಣಿನ ರೆಪ್ಪೆ ಮುಚ್ಚುವುದಿಲ್ಲ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದರು. ಅಪ್ಪ ಅದೇ ವಾರ ಎತ್ತು ಹೊಡೆದುಕೊಂಡು ಸಂತೆಗೆ ಹೋದ. ವಾರ್ಡಿನಲ್ಲಿ ಮಲಗೆದ್ದ ಅಂಗಿಯಲ್ಲೇ ಹೋದ. ಆ ಅಂಗಿಗೆ ಫಿನಾಯಿಲ್ ವಾಸನೆ ಹಿಡಿದಿತ್ತು. ಕೊಳ್ಳುವವನು ಎತ್ತಿನ ಹಲ್ಲು ನೋಡುವ ಮೊದಲು ಆ ವಾಸನೆ ಹಿಡಿದ. ಅವಸರದಲ್ಲಿ ಇರುವವನ ಎತ್ತಿಗೆ ಏನು ಬರುತ್ತದೋ ಅಷ್ಟೇ ಬಂತು. ಇವತ್ತು ಅದೇ ವ್ಯಾಪಾರದಲ್ಲಿರುವವನು ನಾನು, ತಿಳಿದೇ ಹೇಳುತ್ತೇನೆ, ಆ ಜೋಡಿ ಅರ್ಧ ಬೆಲೆಗೆ ಹೋಯಿತು. ರೆಪ್ಪೆಯೂ ಪೂರ್ತಿ ಮುಚ್ಚಲಿಲ್ಲ.

ನಮ್ಮದು ಹುಣಸೂರು ತಾಲ್ಲೂಕು, ಗಾವಡಗೆರೆ ಕಡೆಯ ಊರು. ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನು ಅನ್ನುವ ಮುಚ್ಚಿದ ಕೋಣೆಯೊಳಗೆ ಸಾಲು ಸಾಲಾಗಿ ನೇತುಹಾಕುತ್ತೇವೆ. ಹೊರಗಿನ ಒಲೆಗೆ ಸೌದೆ ಕೊಟ್ಟರೆ, ಒಳಗೆ ನೆಲದ ಮೇಲೆ ಹಾಯಿಸಿರುವ ಕಬ್ಬಿಣದ ಕೊಳವೆ ಕಾದು ಆ ಕಾವಿಗೆ ಸೊಪ್ಪು ಬೇಯುತ್ತದೆ. ಒಂದು ಒಣಗಿದ ಎಲೆ ಜಾರಿ ಕೊಳವೆಯ ಮೇಲೆ ಬಿದ್ದರೆ ಸಾಕು, ಹತ್ತಿಕೊಳ್ಳುತ್ತದೆ. ಆಗ ಬಾಗಿಲು ತೆಗೆಯಬಾರದು. ಒಲೆಯ ಬಾಯಿ ಮುಚ್ಚಿ, ಗಾಳಿಕಿಂಡಿ ಮುಚ್ಚಿ, ಜನರನ್ನು ಕೂಗಬೇಕು. ನಮ್ಮೂರಿನ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಹತ್ತನೇ ಕ್ಲಾಸಿನಲ್ಲಿದ್ದ ನನಗೂ ಗೊತ್ತಿತ್ತು. ಆದರೆ ಆ ಮಧ್ಯಾಹ್ನ ಗಾಜಿನ ಕಿಂಡಿಯಲ್ಲಿ ನೋಡಿದರೆ ಕೆಳಸಾಲಿನ ಒಂದೇ ಒಂದು ಕಡ್ಡಿ ಹೊಗೆಯಾಡುತ್ತಿತ್ತು. ಅದೊಂದನ್ನು ಎಳೆದು ಬಿಸಾಡಿದರೆ ಮಿಕ್ಕದ್ದೆಲ್ಲ ಉಳಿಯುತ್ತದೆ ಅನ್ನಿಸಿತು. ಬಾಗಿಲು ತೆಗೆದೆ. ಹೊರಗಿನ ಗಾಳಿ ಒಳಗೆ ಹೋಯಿತು, ಒಳಗಿನ ಬೆಂಕಿ ಹೊರಗೆ ಬಂತು. ನಡುವೆ ನಾನಿದ್ದೆ.

ಮುಖದ ಎಡಭಾಗ ಹೋಯಿತು. ಕಿವಿ ಒಂದು ಗುಬಟಿನಷ್ಟು ಉಳಿಯಿತು. ಕೆನ್ನೆಯ ಚರ್ಮ ಬಿಗಿದು ತುಟಿಯ ಒಂದು ತುದಿಯನ್ನು ಮೇಲಕ್ಕೆ ಎಳೆದುಕೊಂಡಿತು. ಸುಮ್ಮನೆ ಕುಳಿತಿದ್ದರೂ ಯಾರನ್ನೋ ಅಣಕಿಸುತ್ತಿರುವವನ ಹಾಗೆ ಕಾಣುತ್ತೇನೆ. ಬಲಗಡೆ ಮೀಸೆ ಚಿಗುರಿತು, ಎಡಗಡೆ ಇಲ್ಲ.

ಊರಿಗೆ ಬಂದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎಲ್ಲರೂ ಒಳ್ಳೆಯ ಮಾತಿನಲ್ಲೇ ನನ್ನನ್ನು ಆಚೆಗೆ ಇಟ್ಟರು. ಸ್ಕೂಲಿನ ಹೆಡ್ ಮಾಸ್ತರು ಮನೆಗೇ ಬಂದು, "ನೀನು ಪರೀಕ್ಷೆಗೆ ಬಂದರೆ ಸಾಕಪ್ಪ, ಹಾಜರಿ ನಾನು ನೋಡಿಕೊಳ್ಳುತ್ತೇನೆ. ಚಿಕ್ಕ ಮಕ್ಕಳು ಹೆದರಿಕೊಳ್ಳುತ್ತವೆ, ನಿನಗೂ ಬೇಜಾರು" ಅಂದರು. ಅಪ್ಪ ಕೈ ಮುಗಿದು ಕಾಫಿ ಕೊಡಿಸಿದ. ಎದುರು ಮನೆಯ ಅಜ್ಜಿ ಬಂದು ನಮ್ಮ ಜಗಲಿಯ ಮೇಲೆ ಕುಳಿತು, ನನ್ನ ಕಡೆ ನೋಡದೆ ಕಂಬದ ಕಡೆ ನೋಡಿಕೊಂಡು ಹೇಳಿತು:

"ಮಗಾ, ನಮ್ ಉಡ್ಗಿ ಎರ್ಗೆಗೆ ಬಂದವ್ಳೆ. ಎರ್ಗೆ ಆಗೋಗಂಟ ವಸಿ ಈ ಬೀದೀಲಿ ಓಡಾಡ್ಬ್ಯಾಡ ಕಣಪ್ಪ. ಇತ್ಲಲ್ಲೇ ಓಗಿ ಬಂದ್ ಮಾಡು. ಬ್ಯಾಸ್ರ ಮಾಡ್ಕಬ್ಯಾಡ. ನಿನ್ ಮ್ಯಾಲೆ ನಂಗೇನೂ ಇಲ್ಲ."

"ಆಯ್ತು ಬುಡಜ್ಜಿ," ಅಂದೆ.

ಮಗು ಚೆನ್ನಾಗಿಯೇ ಹುಟ್ಟಿತು. ಇನ್ನು ಬೀದಿಗೆ ಬಾ ಎಂದು ಆಮೇಲೆ ಯಾರೂ ಹೇಳಲಿಲ್ಲ. ನಾನೂ ಹಿತ್ತಿಲ ದಾರಿಯನ್ನೇ ರೂಢಿ ಮಾಡಿಕೊಂಡೆ.

ಕೂದಲು ಕತ್ತರಿಸುವವನದು ಇನ್ನೊಂದು. "ಮಂಗಳವಾರ ಬಾ ಮಗ. ಅಂಗ್ಡಿ ಬಾಗ್ಲಾಕಿರ್ತೀನಿ, ಇಂದ್ಲಿಂದ ಬಾ. ಬ್ಯಾರೆ ದಿನ ಗಿರಾಕಿ ಕುಂತಿರ್ತಾರೆ, ನೋಡ್ದೋರು ಎದ್ದೋಗ್ಬುಡ್ತಾರೆ ಕಣಪ್ಪ. ನನ್ ಒಟ್ಟೆಪಾಡು." ಮಂಗಳವಾರ ನಮ್ಮ ಕಡೆ ಯಾರೂ ತಲೆಗೆ ಕತ್ತರಿ ತಾಗಿಸುವುದಿಲ್ಲ. ಅವ್ವ ಅಂತೂ ಮಂಗಳವಾರ ಉಗುರು ತೆಗೆಯಲೂ ಬಿಡುವವಳಲ್ಲ. ಅವಳೇ ಅವತ್ತು ಒಲೆಯ ಸೌದೆ ಒಳಕ್ಕೆ ತಳ್ಳುತ್ತಾ, "ಓಗ್ಬಾ ಬುಡು, ಯಾವ್ ವಾರ ಆದ್ರೇನು" ಅಂದಳು. ನನ್ನ ಮಟ್ಟಿಗೆ ಶಾಸ್ತ್ರವೆಲ್ಲ ಮುಗಿಯಿತು ಎಂದು ನನಗೆ ತಿಳಿದದ್ದು ಆಗ.

ಬೈಲಕುಪ್ಪೆಯ ಅಂಗಡಿಯಿಂದ ಅವ್ವ ಒಂದು ಉಲ್ಲನ್ ಟೋಪಿ ತಂದಳು. ಕಿವಿ, ಅರ್ಧ ಕೆನ್ನೆ ಮುಚ್ಚುತ್ತಿತ್ತು. ಬೇಸಗೆಯಲ್ಲೂ ಹಾಕಿಕೊಂಡೇ ಇರುತ್ತಿದ್ದೆ. ಒಳಗಿನ ಹೊಸ ಚರ್ಮ ಕೆರೆದು ಕೆರೆದು ನೀರು ಬರುತ್ತಿತ್ತು, ಆದರೂ ತೆಗೆಯುತ್ತಿರಲಿಲ್ಲ.

ಒಂದು ವರ್ಷ ಹೀಗೆ ಹಿತ್ತಿಲಲ್ಲಿ ಹೋಯಿತು. ಪರೀಕ್ಷೆಗೂ ಹೋಗಲಿಲ್ಲ. ದನದ ಕೊಟ್ಟಿಗೆ ನನ್ನ ಪಾಲಿಗೆ ಬಂತು. ದನಗಳಿಗೆ ನನ್ನ ಮುಖ ಹಳೆಯದೇ ಆಗಿತ್ತು. ಅವುಗಳ ಹಲ್ಲು, ಗೊರಸು, ಕೊಂಬಿನ ಉಂಗುರ ನೋಡಿ ನೋಡಿ ಯಾವುದು ಎಷ್ಟು ವರ್ಷದ್ದು, ಎಷ್ಟು ಸೂಲು ಕರು ಹಾಕಿದೆ, ಯಾವುದು ಒದೆಯುತ್ತದೆ, ಯಾವುದು ಹಾಲು ಕಟ್ಟಿಕೊಳ್ಳುತ್ತದೆ ಎಂದು ಕಲಿತೆ.

ಆಗ ಒಬ್ಬ ದಲ್ಲಾಳಿ ಬಂದ. ಕೆ.ಆರ್. ನಗರದ ಕಡೆಯವನು, ಮಿರ್ಲೆಯ ಹತ್ತಿರ ಮನೆ. ಹಳ್ಳಿಯಿಂದ ಹಳ್ಳಿಗೆ ತಿರುಗಿ ದನ ನೋಡಿ, ಕೊಂಡು, ಸಂತೆಯಲ್ಲಿ ಮಾರುವವನು. ಅಪ್ಪ ಮನೆಯಲ್ಲಿರಲಿಲ್ಲ. ಅವನು ನೇರವಾಗಿ ಹಿತ್ತಿಲಿಗೇ ಬಂದ, ನನ್ನನ್ನು ನೋಡಿದ, ಬೆಚ್ಚಲಿಲ್ಲ.

"ಲೇ ಮಗ, ಆ ಹಸ ಎಷ್ಟ್ನೇ ಸೂಲು ಏಳು ನೋಡವಾ."

"ಮೂರ್ನೇದು."

"ಎಂಗೇಳ್ದೆ? ನಿಮ್ಮಪ್ಪ ಏಳ್ಕೊಟ್ನಾ?"

"ಕೊಂಬ್ ನೋಡಿ ಏಳ್ದೆ."

ಅವನು ನಕ್ಕ. "ಬಲೇ! ಕಣ್ಣೊಂದ್ ನೆಟ್ಗಿದ್ರೆ ಸಾಕು ಕಣ್ಲಾ ನಮ್ ವ್ಯಾಪಾರುಕ್ಕೆ. ಮೊಕ ಯಾವನ್ ಕೇಳ್ತಾನೆ? ಬಾ ನನ್ ಜೊತೆ ಸಂತೆಗೆ. ಊಟ ಆಕ್ತೀನಿ, ಕೈಗಷ್ಟು ಕೊಡ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, "ಕರ್ಕೊಂಡೋಗಣ್ಣ. ಮನ್ಸರ ಮುಂದೆ ನಿಂತ್ಕಳ್ಳಿ ನನ್ ಮಗ" ಎಂದಳು. ನನಗೆ ಬೇಕಾಗಿದ್ದದ್ದೂ ಅದೊಂದೇ. ಮುಖ ಹಳೆಯ ಹಾಗೆ ಆಗುತ್ತದೆ ಎಂಬ ಆಸೆ ಆಸ್ಪತ್ರೆಯಲ್ಲೇ ಮುಗಿದಿತ್ತು. ಹಗಲು ಹೊತ್ತಿನಲ್ಲಿ, ನಾಲ್ಕು ಜನರ ನಡುವೆ, ಯಾರೂ ಆಚೆಗೆ ಹೋಗು ಅನ್ನದ ಹಾಗೆ ನಿಲ್ಲಲು ಒಂದು ಜಾಗ ಸಿಕ್ಕಿದರೆ ಸಾಕಾಗಿತ್ತು.

ಅವತ್ತಿನಿಂದ ಅವನ ಜೊತೆ ತಿರುಗಿದೆ. ಒಂದು ದಿನ ಪಿರಿಯಾಪಟ್ಟಣದ ಕಡೆ, ಒಂದು ದಿನ ಎಚ್.ಡಿ. ಕೋಟೆಯ ಕಡೆ. ಆಸ್ಪತ್ರೆಗೆ ಓಡಾಡುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು. ಈಗ ಅವನು ಕೂರುತ್ತಿದ್ದ. ಕುಳಿತುಕೊಂಡು ಬೆರಳಿನ ಭಾಷೆ ಕಲಿಸುತ್ತಿದ್ದ. ನೋಡದವರಿಗೆ ಹೇಳುತ್ತೇನೆ: ದನದ ಸಂತೆಯಲ್ಲಿ ಹಳೆಯ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿಯುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು. ನೂರೋ ಸಾವಿರವೋ ಅನ್ನುವುದು ಎದುರಿಗಿರುವ ದನ ನೋಡಿದರೆ ಇಬ್ಬರಿಗೂ ಗೊತ್ತಾಗುತ್ತದೆ. ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ಬಾಯಿ ಮಳೆ ಬೆಳೆ ಮಾತಾಡುತ್ತಿರುತ್ತದೆ, ಕಣ್ಣು ಎದುರಿನವನ ಮುಖದ ಮೇಲಿರುತ್ತದೆ. ಮುಖ ಸ್ವಲ್ಪ ಸಡಿಲವಾದರೆ ಅವನು ಇಳಿಯುತ್ತಾನೆ ಎಂದರ್ಥ.

ಆಸ್ಪತ್ರೆಯ ನರ್ಸುಗಳನ್ನು ಬಿಟ್ಟರೆ ಒಂದು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಪಾಠ ಹೇಳುವಾಗ ಅವನು ಹಿಡಿಯುತ್ತಿದ್ದ. ಅದಕ್ಕೇ ಇರಬೇಕು, ಒಂದೇ ವಾರದಲ್ಲಿ ಕಲಿತೆ.

ಮೊದಲ ಸಂತೆಯ ದಿನವೇ ಅವನು, "ಟೋಪಿ ಯಾಕ್ಲಾ ಈ ಸೆಕೇಲಿ? ತೆಗ್ದಾಕು. ಗಾಳಿ ಆಡ್ಲಿ ಗಾಯುಕ್ಕೆ" ಅಂದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ಟೋಪಿ ತೆಗೆದು ಚೀಲಕ್ಕೆ ಹಾಕಿದೆ.

ನನ್ನ ಕೆಲಸ ಸುಲಭದ್ದು. ಹೊತ್ತು ಮೂಡುವಷ್ಟರಲ್ಲಿ ಸಂತೆಯಲ್ಲಿರಬೇಕು. ಅವನು ದೂರದಿಂದ ಒಂದು ದನ ತೋರಿಸುತ್ತಿದ್ದ. "ಎಲ್ರಿಗಿಂತ ಮೊದ್ಲು ನೀನೋಗಿ ಹಗ್ಗ ಇಡ್ಕೊ. ಬೆನ್ ಸವರು, ಹಲ್ ನೋಡು. ಒದೀತದೋ ಇಲ್ವೋ ನೋಡ್ಕೊಂಡ್ ಬಂದೇಳು." ನಾನು ಹೋಗಿ ಹಿಡಿಯುತ್ತಿದ್ದೆ. ಮಾರುವವನು ಮುಖ ಸಿಂಡರಿಸುತ್ತಿದ್ದ, ಕೆಲವರು ಉಗುಳುತ್ತಿದ್ದರು. ಅದು ನನಗೆ ಹೊಸದಲ್ಲ. ನಾನು ನೋಡಿದ್ದನ್ನು ಬಂದು ಹೇಳುತ್ತಿದ್ದೆ, ಅವನು ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಹೋಗಿ ಟವೆಲ್ ಹಾಕುತ್ತಿದ್ದ. ಅಗ್ಗಕ್ಕೆ ಬರುತ್ತಿತ್ತು. ನನ್ನ ಪರೀಕ್ಷೆಯಿಂದ ಬಂತು ಎಂದು ನಾನು ತಿಳಿದುಕೊಂಡೆ.

ಸಂಜೆ ಅವ್ವ ಕೇಳುತ್ತಿದ್ದಳು, "ಜನ ಎಂಗವ್ರೆ ಮಗಾ ಸಂತೇಲಿ?"

"ಸಂದಾಗವ್ರೆ ಕಣವ್ವ."

ಸುಳ್ಳಲ್ಲ. ಆಗ ನನಗೆ ಹಾಗೇ ಅನ್ನಿಸಿತ್ತು.

ಒಂದು ಬೆಳಿಗ್ಗೆ ಎಚ್.ಡಿ. ಕೋಟೆ ಕಡೆಯ ಮುದುಕನೊಬ್ಬ ಒಂದು ಹಾಲು ಕರೆಯುವ ಹಸು ತಂದಿದ್ದ. ಒಳ್ಳೆಯ ಹಸು, ಕೆಚ್ಚಲು ತುಂಬಿತ್ತು. ನಾಲ್ಕೈದು ಜನ ಅದರ ಮೇಲೆ ಕಣ್ಣಿಟ್ಟು ದೂರದಲ್ಲಿ ಬೀಡಿ ಸೇದುತ್ತಿದ್ದರು. ದಲ್ಲಾಳಿ ನನಗೆ ಸನ್ನೆ ಮಾಡಿದ. ಹೋಗಿ ಹಗ್ಗ ಹಿಡಿದು ಬೆನ್ನು ಸವರಿದೆ. ಮುದುಕ ಆ ಕಡೆ ತಿರುಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಈ ಕಡೆ ತಿರುಗಿದ.

"ಅಯ್ಯಯ್ಯೋ! ಯಾವನ್ಲಾ ನೀನು? ಬುಡ್ಲಾ ಹಗ್ಗವ! ಇನ್ನೂ ಬೋಣಿ ಆಗಿಲ್ಲ ಕಣ್ಲಾ! ಒತ್ತಾರೆನೇ ಇಂತಾ ಮೊಕ ತಂದು ನನ್ ಹಸಿನ್ ಮುಂದೆ ಮಡುಗ್ತೀಯಲ್ಲೋ!"

ಹಗ್ಗ ಕಿತ್ತುಕೊಂಡು ಹಸುವಿನ ಹಣೆ ಒರೆಸಿದ. ಅದನ್ನು ಸುತ್ತು ಹಾಕಿಸಿ ಇನ್ನೊಂದು ದಿಕ್ಕಿಗೆ ನಿಲ್ಲಿಸಿದ. ಬೀಡಿ ಸೇದುತ್ತಿದ್ದವರು ಒಬ್ಬೊಬ್ಬರಾಗಿ ಆಚೆ ಸರಿದರು. ಮೊದಲ ಕೈ ಕೆಟ್ಟ ದನವನ್ನು ಯಾರು ಕೊಳ್ಳುತ್ತಾರೆ? ಆಗ ನಮ್ಮ ದಲ್ಲಾಳಿ ಬಂದ. ನನ್ನನ್ನು ಎಂದೂ ನೋಡಿಯೇ ಇಲ್ಲದವನ ಹಾಗೆ, "ಲೇಯ್, ಅತ್ಲಾಗ್ ಓಗ್ಲಾ! ಬೆಳ್ಗಾಗೆದ್ದು ಬಂದ್ಬುಡ್ತಾವೆ" ಎಂದು ಗದರಿದ. ಮುದುಕನ ಹೆಗಲ ಮೇಲೆ ಕೈ ಇಟ್ಟ.

"ಓಗ್ಲಿ ಬುಡಿ ಯಜಮಾನ್ರೇ. ಇವತ್ ನಿಮ್ ಹಸ ಯಾರ್ ಮುಟ್ತಾರೆ ಏಳಿ? ವಾಪಸ್ ಒಡ್ಕೊಂಡೋದ್ರೂ ದಾರಿ ದೂರ. ನಾನೇ ತಕ್ಕತೀನಿ ಬನ್ನಿ, ನಂಗೆ ಇವೆಲ್ಲ ನಂಬ್ಕೆ ಇಲ್ಲ."

ಟವೆಲ್ ಹಾಕಿದ. ಮುದುಕನ ಮುಖ ಸಡಿಲವಾಗಿಯೇ ಇತ್ತು.

ಆಮೇಲೆ ಟೀ ಅಂಗಡಿಯಲ್ಲಿ ಕುಳಿತಿದ್ದೆವು. ಇನ್ನೊಬ್ಬ ದಲ್ಲಾಳಿ ನಗುತ್ತಾ ಬಂದು ಕುಳಿತ. "ಒಳ್ಳೆ ಆಳ್ ಮಡೀಕಂಡಿದ್ದೀಯ ಕಣಣ್ಣೋ! ನಂಗೊಂದಿನ ಕಳ್ಸು ಈ ಉಡ್ಗನ್ನ, ಬಾಡ್ಗೆ ಕೊಡ್ತೀನಿ."

"ಬಾಡ್ಗೆಗಿಲ್ಲ," ಅಂದ ನಮ್ಮವನು. "ಇಂತಾ ಮೊಕ ಉಡಿಕುದ್ರೂ ಸಿಕ್ಕಾಕಿಲ್ಲ. ಟೋಪಿ ಆಕ್ಕೊಂಡ್ ಮುಚ್ಕೊಂಡಿದ್ದ, ತೆಗ್ಸಿದ್ದು ನಾನು."

ಇಬ್ಬರೂ ನಕ್ಕರು. ನಾನು ಎದುರಿಗೇ ಕುಳಿತಿದ್ದೆ. ಕದ್ದು ಕೇಳಿಸಿಕೊಂಡದ್ದಲ್ಲ. ಇವನಿಗೆ ಗೊತ್ತಿಲ್ಲದೆ ಇರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಎದ್ದು ಲಾರಿಗಳು ನಿಲ್ಲುವ ಕಡೆ ಹೋದೆ. ಮುದುಕ ಖಾಲಿ ಹಗ್ಗ ಸುತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದ. ಅಪ್ಪನೂ ಹೀಗೇ ನಿಂತಿದ್ದಿರಬೇಕು. ನಾನು ಎರಡು ದಾರಿ ನೋಡಿದೆ. ಮನೆಗೆ ಹೋದರೆ ಹಿತ್ತಿಲು. ಇಲ್ಲಿದ್ದರೆ ಇದು. ಮೂರನೆಯದು ಎಷ್ಟು ಹುಡುಕಿದರೂ ಕಾಣಲಿಲ್ಲ.

ವಾಪಸ್ ಬಂದು, ದಲ್ಲಾಳಿಯ ಹೆಗಲ ಮೇಲಿದ್ದ ಟವೆಲ್ ಎಳೆದು ನಮ್ಮಿಬ್ಬರ ಕೈ ಮೇಲೆ ಹಾಕಿದೆ.

"ಏನ್ಲಾ ಇದು?"

"ವ್ಯಾಪಾರ ಕಣಣ್ಣ. ಲಾಬ್ದಲ್ಲಿ ಹತ್ತುಕ್ಕೆ ನಂದೆಷ್ಟು?"

ಅವನಿಗೆ ಅರ್ಥವಾಯಿತು. ನಗುತ್ತಲೇ ನನ್ನ ಒಂದು ಬೆರಳು ಹಿಡಿದ. ನಾನು ಅವನ ಪೂರ್ತಿ ಕೈ ಹಿಡಿದೆ. "ಮಳೆ ಬರಂಗೈತೆ," ಅಂದ, ಎರಡು ಹಿಡಿದ. ನಾನು ಮತ್ತೆ ಕೈಯನ್ನೇ ಹಿಡಿದೆ. ಆಗ ಅವನು ಕಣ್ಣೆತ್ತಿ ನನ್ನ ಮುಖ ನೋಡಿದ, ನಾನು ಎಲ್ಲಿಗೆ ಇಳಿಯುತ್ತೇನೆ ಎಂದು ಓದಲು. ಎಡಗಡೆಯ ಚರ್ಮ ಅಲುಗುವುದಿಲ್ಲ. ತುಟಿ ಅಣಕಿಸುತ್ತಲೇ ಇರುತ್ತದೆ. ಅವನಿಗೆ ಏನೂ ಓದಲಾಗಲಿಲ್ಲ. ಮೂರು ಹಿಡಿದ. ಅಲ್ಲಿಗೆ ನಿಲ್ಲಿಸಿದೆ. "ಕಲ್ತ್ಬುಟ್ಟೆ ಕಣ್ಲಾ," ಅಂದ. ಆ ಮಾತಿನಲ್ಲಿ ಮೆಚ್ಚುಗೆ ಇತ್ತು. ಅದು ನನಗೆ ಹಿತವಾಗಿಯೇ ಕೇಳಿಸಿತು.

ಹದಿನಾರು ವರ್ಷದ ನಾನು ಗೆದ್ದೆನೆಂದು ತಿಳಿದ ಆ ವ್ಯಾಪಾರದಲ್ಲಿ ಒಂದನ್ನು ಕೇಳುವುದು ಬಿಟ್ಟಿದ್ದೆ. ಪಾಲು ಕೇಳಿದೆ. ಜಾಗ ಕೇಳಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಆ ತಂತ್ರ ನಾಲ್ಕೂ ತಾಲ್ಲೂಕಿನ ಸಂತೆಗಳಿಗೆ ಗೊತ್ತಾಯಿತು. ಆದರೆ ಜನ ಅರ್ಧ ಮಾತ್ರ ತಿಳಿದುಕೊಂಡರು. ದಲ್ಲಾಳಿಯ ಮೋಸ ಯಾರ ನೆನಪಿನಲ್ಲೂ ಉಳಿಯಲಿಲ್ಲ, ನನ್ನ ಮುಖ ಉಳಿಯಿತು. ನಾನು ಸಂತೆಯ ಬಾಗಿಲಲ್ಲಿ ಕಂಡರೆ ಮಾರುವವರು ದನಕ್ಕೆ ಅಡ್ಡ ನಿಲ್ಲುತ್ತಿದ್ದರು, ಮಕ್ಕಳು ಕಲ್ಲು ಹುಡುಕುತ್ತಿದ್ದವು. ಕೊನೆಗೆ ಸಂತೆಯ ನಾಲ್ಕು ಹಿರಿಯರು ಕರೆದು ಹೇಳಿದರು: "ಎಲ್ರುದೂ ಬೋಣಿ ಆಗಿ, ಹೊತ್ತು ನೆತ್ತಿಗೆ ಬಂದ್ಮ್ಯಾಲೆ ಬಾಪ್ಪ. ನಿನ್ ವಟ್ಟೆ ಮ್ಯಾಲೆ ಒಡೀಬೇಕು ಅಂತಲ್ಲ." ದಲ್ಲಾಳಿ ಅಲ್ಲೇ ನಿಂತಿದ್ದ, ಹೌದೌದು ಎಂದು ತಲೆಯಾಡಿಸಿದ. ಕೆಲಸಕ್ಕೆ ಬಾರದ ಆಳನ್ನು ಇಟ್ಟುಕೊಂಡು ಅವನೇನು ಮಾಡಬೇಕು? ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮತ್ತೆ ಖಾಲಿಯಾಯಿತು.

ಮೊದಲು ನಾನು ಒಂದು ಊರಿನ ಒಂದು ಬೀದಿಯಲ್ಲಿ ಕಾಣಬಾರದವನಾಗಿದ್ದೆ. ಈಗ ನಾಲ್ಕು ತಾಲ್ಲೂಕಿಗೆ ಆದೆ. ಈ ಮುಖವನ್ನು ಊರೂರಿಗೆ ಹೊತ್ತು ತೋರಿಸಿ ಬಂದವನು ನಾನೇ, ಹತ್ತಕ್ಕೆ ಮೂರರ ಪಾಲಿಗೆ.

ಬದುಕು ನಿಲ್ಲಲಿಲ್ಲ. ನೆತ್ತಿಗೆ ಹೊತ್ತು ಬಂದ ಮೇಲೆ ಸಂತೆಯಲ್ಲಿ ಉಳಿಯುವುದು ಯಾರಿಗೂ ಬೇಡವಾದ ದನ. ಬಡಕಲು, ಕುಂಟು, ಹಾಲು ಕಟ್ಟಿಕೊಳ್ಳುವುದು. ಅವನ್ನೇ ಕೊಂಡೆ. ಮೇಯಿಸಿ, ಔಷಧ ಹಾಕಿ, ಕಾದು ಮಾರಿದೆ. ಹೀಗೇ ಸ್ವಂತ ಕೊಟ್ಟಿಗೆಯಾಯಿತು. ಈಗ ಮೊಬೈಲಿನಲ್ಲಿ ದನದ ಫೋಟೋ ಕಳಿಸುತ್ತೇನೆ, ಬೆಲೆಯನ್ನು ಮಾತಿನಲ್ಲೇ ಮುಗಿಸುತ್ತೇನೆ, ಮುಂಗಡ ಬಂದ ಮೇಲೆ ವಿಳಾಸ ಹೇಳುತ್ತೇನೆ. ದನ ಹತ್ತಿಸುವಾಗ ಹೊರಗೆ ಬರುವುದು ಕೂಲಿಯವನು, ನಾನಲ್ಲ. ಒಂದೆರಡು ಸಲ ನಾನೇ ಹೋಗಿ ನೋಡಿದ್ದೇನೆ. ಬಂದವರು ಹಸುವನ್ನು ಮತ್ತೆ ಸುತ್ತು ಹಾಕಿ ನೋಡುತ್ತಾರೆ, ಇಲ್ಲದ ಐಬು ಹೇಳುತ್ತಾರೆ, ಬೆಲೆ ಇಳಿಸುತ್ತಾರೆ. ಅವ್ವ ಈಗ ಸಂತೆಯ ಜನ ಹೇಗಿದ್ದಾರೆಂದು ಕೇಳುವುದಿಲ್ಲ. ಹೆಣ್ಣು ನೋಡುವ ಮಾತನ್ನೂ ಬಿಟ್ಟಿದ್ದಾಳೆ. ಜನ ಬದಲಾಗುತ್ತಾರೆಯೇ ಎಂದು ನನ್ನನ್ನು ಕೇಳಿದರೆ, ನಾನು ನೋಡಿದಷ್ಟರಲ್ಲಿ ಇಲ್ಲ. ಆ ಭರವಸೆ ನನ್ನಲ್ಲಿ ಸಿಗುವುದಿಲ್ಲ. ಬೇರೆ ಕೆಲವು ಮಾತು ಸಿಗುತ್ತವೆ, ಬೇಕಾದರೆ ತೆಗೆದುಕೊಳ್ಳಿ.

ಸುಟ್ಟರೆ ಹರಿಯುವ ತಣ್ಣೀರು ಬಿಡಿ, ಬಿಡುತ್ತಲೇ ಇರಿ. ಟೂತ್‌ಪೇಸ್ಟು, ಸೊಪ್ಪಿನ ರಸ, ಎಣ್ಣೆ ಏನೂ ಹಚ್ಚಬೇಡಿ, ಆಸ್ಪತ್ರೆಗೆ ಹೊರಡಿ. ಗಾಯ ಮಾಯ್ದ ಮೇಲೆ ಡಾಕ್ಟರು ಹೇಳುವ ಮಾಲೀಸು, ಬಾಯಿ ಅಗಲಿಸುವ ವ್ಯಾಯಾಮ, ಬಿಗಿ ಬಟ್ಟೆ ಇವನ್ನು ತಿಂಗಳುಗಟ್ಟಲೆ ಬಿಡದೆ ಮಾಡಿಸಿ. ನೋಯುತ್ತದೆಂದು ನಾನು ಬಿಟ್ಟೆ, ಚರ್ಮ ಎಳೆದುಕೊಂಡಿತು. ನಿಮ್ಮ ಮಗುವಿಗೆ "ಪರೀಕ್ಷೆಗೆ ಬಂದರೆ ಸಾಕು" ಎಂದು ಯಾರಾದರೂ ಮೃದುವಾಗಿ ಹೇಳಿದರೆ ಕೈ ಮುಗಿಯಬೇಡಿ, ಕಾಫಿ ಕೊಡಿಸಬೇಡಿ. ಮಾರನೆಯ ದಿನವೇ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಬನ್ನಿ. ಪಕ್ಕದವರು ಎದ್ದು ಹೋದರೆ ಹೋಗಲಿ, ಅಂಕಪಟ್ಟಿ ಕೈಗೆ ಬರುತ್ತದೆ.

ಇನ್ನು ನನ್ನಂಥ ಮುಖದ ಹುಡುಗ, ಹುಡುಗಿ ಯಾರಾದರೂ ಇದನ್ನು ಓದುತ್ತಿದ್ದರೆ, ಕೇಳಿ. ನಿಮಗೂ ಒಬ್ಬರು ಬಂದು ಕೆಲಸ ಕೊಡುತ್ತೇನೆ ಅನ್ನುತ್ತಾರೆ. ಬೆಚ್ಚದೆ ನಿಮ್ಮನ್ನು ನೋಡಿದರು ಎಂಬ ಒಂದೇ ಕಾರಣಕ್ಕೆ ಹಿಂದೆ ಹೋಗಬೇಡಿ. ಏನು ಕೆಲಸ, ನನ್ನನ್ನೇ ಯಾಕೆ ಕರೆದಿರಿ ಎಂದು ಕೇಳಿ. ಒಬ್ಬರೇ ಇದ್ದಾಗ ಕೇಳಬೇಡಿ, ನಾಲ್ಕು ಜನರ ಮುಂದೆ ಕೇಳಿ. ಸಂಬಳದ ಮಾತು ಆಮೇಲೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಬರಬೇಕು, ಮುಂದಿನ ವರ್ಷವೂ ಅಲ್ಲೇ ಇರುತ್ತೇನೆಯೇ ಅನ್ನುವುದನ್ನು ಮೊದಲು ಮುಗಿಸಿ. ಸಂಬಳ ಕಡಿಮೆಯಾಗಿದ್ದರೆ ಮುಂದೆ ಏರಿಸಿಕೊಳ್ಳಬಹುದು. ಜಾಗದ ಮಾತಿಗೆ ಅವರು ತಡವರಿಸಿದರೆ, ಎಷ್ಟೇ ಕೊಡುತ್ತೇನೆ ಅಂದರೂ ಎದ್ದು ಬನ್ನಿ.